ಈಶಾನ್ಯದ ತೊಟ್ಟಿ

ನಮ್ಮ ಶೀಳನೆರೆಯಲ್ಲಿ ನೀರಿಗೆ ಯಾರೂ ದಾರಿ ಹೇಳಿಕೊಡಬೇಕಾಗಿಲ್ಲ. ನಮ್ಮ ಬೀದಿ ಪಡುವಲಿಂದ ಮೂಡಲಿಗೆ ಇಳಿಜಾರು. ಬಚ್ಚಲಲ್ಲಿ ಸುರಿದ ನೀರು ತಾನಾಗಿ ಹರಿದು, ಮನೆಯ ಮೂಡಲ ಕಡೆ ತೋಡಿದ ಗುಂಡಿ ಸೇರಿ, ಅಲ್ಲೇ ನೆಲಕ್ಕೆ ಇಂಗುತ್ತದೆ. ಎಲ್ಲರ ಮನೆಯಲ್ಲೂ ಹೀಗೆಯೇ, ಕರಿಯಪ್ಪನವರ ಮನೆಯೊಂದನ್ನು ಬಿಟ್ಟು. ಅವರ ಮನೆಯ ಕೊಳಕು ನೀರು ದಿಬ್ಬ ಹತ್ತುತ್ತದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆದರೆ ಆ ದಾರಿಯಲ್ಲಿ ಸಿಕ್ಕಿಕೊಂಡದ್ದು ಕರಿಯಪ್ಪನವರಲ್ಲ, ಅವರ ಹೆಂಡತಿ ಮಾಯಮ್ಮ. ನಾನು ಹೇಳಹೊರಟಿರುವುದು ಅವಳ ವಿಷಯ.

ನಾನು ಪದ್ಮ. ಇಲ್ಲಿನ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆ. ಆ ಗೋಡೆಗೆ ಮೊಣಕೈ ಊರಿಕೊಂಡು ಮಾಯಮ್ಮ ಆಡದ ಮಾತಿಲ್ಲ, ನಾನು ಕೇಳದ ಮಾತಿಲ್ಲ. ಫೋನಿನಲ್ಲಿ ಮಾತಾಡುವಾಗಲೂ ಸ್ಪೀಕರ್ ಹಾಕಿಕೊಂಡೇ ಕೂಗುತ್ತಾಳೆ. ಹಾಗಾಗಿ ನಾನು ಇಲ್ಲಿ ಬರೆದದ್ದರಲ್ಲಿ ಊಹೆ ಕಡಿಮೆ.

ಒಂದು ಕಾಲಕ್ಕೆ ಮಾಯಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದವಳು, ಹಸುಗಳಿಗೆ ಹುಲ್ಲು ಹಾಕಿ, ಮುದ್ದೆ ತಿರುವಿಟ್ಟು, ಕಿಕ್ಕೇರಿ ಬಸ್ಸು ಹತ್ತಿಬಿಡುತ್ತಿದ್ದಳು. ಅವಳ ತವರು ಗೋವಿಂದನಹಳ್ಳಿ. ಅಲ್ಲಿ ಯಾರಿಗೋ ಜ್ವರ ಎಂದರೆ ಇವಳು ಅಲ್ಲಿರಬೇಕು. ಯಾರದೋ ಮನೆಯ ನಾಮಕರಣ ಎಂದರೆ ಒಬ್ಬಟ್ಟು ತಟ್ಟುವುದಕ್ಕೆ ಇವಳೇ ಬೇಕು. ಮನೆಯಲ್ಲಿ ಕಾಲು ನಿಲ್ಲದು ನಿನಗೆ ಎಂದು ನಾನೇ ಎಷ್ಟೋ ಸಲ ಛೇಡಿಸಿದ್ದೇನೆ. ಅವಳೂ ನಗುತ್ತಿದ್ದಳು. ಈಗ ಆ ಮಾತನ್ನು ನಾನು ಎತ್ತುವುದಿಲ್ಲ.

ಅವರಿಗೆ ಒಬ್ಬಳೇ ಮಗಳು, ತನುಶ್ರೀ. ಪಾಂಡವಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಲೋಕೇಶನಿಗೆ ಕೊಟ್ಟು ಮದುವೆ ಮಾಡಿದ್ದರು. ಹುಡುಗನಿಗೆ ತಾಯಿ ಇರಲಿಲ್ಲ. ಅತ್ತೆಯಿಲ್ಲದ ಮನೆ, ಹುಡುಗಿ ಪುಣ್ಯವಂತೆ ಎಂದು ಆಗ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ತನುಶ್ರೀ ಎರಡು ಸಲ ಬಸಿರಾದಳು. ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ದೋಷವೇನೂ ಕಾಣುತ್ತಿಲ್ಲ, ಕಾಯಿರಿ ಎಂದರು.

ಎರಡನೆಯದು ಹೋದಾಗ ಮಾಯಮ್ಮ ಮಗಳ ತಲೆ ಸವರಿ ಬುದ್ಧಿ ಹೇಳಿದಳಂತೆ. "ಇನ್ಮ್ಯಾಕೆ ನಿಂತ್ರೆ ಬಾಯ್ ಬುಡ್ಬ್ಯಾಡ ಮಗ. ಕಣ್ಣು ಬೀಳ್ತದೆ. ಕೇಳ್ದೋರ್ಗೆ ತಿಂಗ್ಳ ಕಮ್ಮಿ ಮಾಡೇ ಏಳು." ನಮ್ಮ ಕಡೆ ಇದೇನೂ ಹೊಸದಲ್ಲ. ಬಸಿರು ಹೆಂಗಸು ನಿಜವಾದ ತಿಂಗಳನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎಂದು ನಂಬುವ ಮನೆಗಳು ಬೇಕಾದಷ್ಟಿವೆ.

ಕಾಯಿರಿ ಎಂಬ ಡಾಕ್ಟರ ಮಾತು ಕರಿಯಪ್ಪನವರಿಗೆ ಸಾಲಲಿಲ್ಲ. ಅವರು ಕೆಟ್ಟವರಲ್ಲ. ಬಾಯಿ ದೊಡ್ಡದು, ಕರುಳು ಮೆತ್ತಗೆ. ಮಗಳು ಅತ್ತದ್ದನ್ನು ನೋಡಿ ಬಂದವರು ಎರಡು ದಿನ ಉಣ್ಣಲಿಲ್ಲ. ಏನಾದರೂ ಮಾಡಲೇಬೇಕು ಎಂದು ಯಾರನ್ನೋ ಹಿಡಿದು, ಮೈಸೂರಿನಿಂದ ಒಬ್ಬ ವಾಸ್ತು ಪಂಡಿತರನ್ನು ಕರೆಸಿದರು. ಪಂಡಿತರು ಅಂಗೈಯಲ್ಲಿ ದಿಕ್ಸೂಚಿ ಹಿಡಿದು ಮನೆಯನ್ನೆಲ್ಲ ಸುತ್ತಿದರು. ಜಾಗ ಮೂಡಲಿಗೆ ಇಳಿಜಾರಾಗಿರುವುದು ಬಹಳ ಶುಭ ಎಂದರು. ಅದೇ ಬಾಯಲ್ಲಿ, ಆ ಇಳಿಜಾರಿನ ಕೊನೆಗೆ, ಈಶಾನ್ಯದ ಮೂಲೆಯಲ್ಲಿದ್ದ ಕಕ್ಕಸು ಬಚ್ಚಲುಗಳ ಗುಂಡಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ದೇವಮೂಲೆಯಲ್ಲಿ ಹೊಲಸು ನಿಲ್ಲಿಸಿಕೊಂಡು ಸಂತಾನ ನಿಲ್ಲಲಿ ಅಂದರೆ ನಿಲ್ಲುತ್ತದೇನ್ರಿ? ಗುಂಡಿ ವಾಯವ್ಯಕ್ಕೆ ಹೋಗಬೇಕು."

ವಾಯವ್ಯ ಎಂದರೆ ಅವರ ಹಿತ್ತಿಲ ಎತ್ತರದ ಮೂಲೆ. ಮಾಯಮ್ಮ ಸೆರಗು ಸರಿಮಾಡಿಕೊಂಡು ಕೇಳಿದಳು, "ಅದು ದಿಬ್ಬ ಸ್ವಾಮಿ. ನೀರು ಮ್ಯಾಕ್ಕೆ ಎಂಗೆ ಅತ್ತದೆ?"

"ಮೋಟಾರು ಇದೆಯಲ್ಲಮ್ಮ" ಎಂದರು ಪಂಡಿತರು.

ಯುಗಾದಿ ಕಳೆದ ವಾರವೇ ಕೆಲಸ ಶುರುವಾಯಿತು. ಈಶಾನ್ಯದ ಹಳೇ ಗುಂಡಿಯನ್ನು ಮಣ್ಣು ತುಂಬಿ ಮುಚ್ಚಿದರು. ದಿಬ್ಬದ ಮೇಲೆ ಹೊಸ ಗುಂಡಿ ತೆಗೆದು ಸಿಮೆಂಟು ರಿಂಗು ಇಳಿಸಿದರು. ಆದರೆ ನೀರಿಗೆ ವಾಸ್ತು ಗೊತ್ತಿಲ್ಲ. ಮನೆಯ ನೀರೆಲ್ಲ ಮೊದಲು ಇಳಿಜಾರಿಗೇ ಬರುತ್ತದೆ, ಬಂದದ್ದನ್ನು ಒಂದು ಕಡೆ ಹಿಡಿದು ಆಮೇಲೆ ಮೇಲೆತ್ತಬೇಕು. ಹಿಡಿಯುವ ತೊಟ್ಟಿ ಮತ್ತೆ ಈಶಾನ್ಯಕ್ಕೇ ಬಂತು! ಇದಕ್ಕೂ ಪಂಡಿತರು ಫೋನಿನಲ್ಲೇ ಒಂದು ದಾರಿ ಹೇಳಿದರು: ಹಾದುಹೋಗುವ ನೀರಿಗೆ ದೋಷವಿಲ್ಲ, ನಿಲ್ಲುವ ನೀರಿಗೆ ದೋಷ. ತೊಟ್ಟಿ ಆದಷ್ಟು ಚಿಕ್ಕದಾಗಿರಲಿ, ನೀರು ಅಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ಸರಿ, ಹಾಲಿನ ಕ್ಯಾನು ಇಳಿಸುವಷ್ಟು ಅಗಲದ ತೊಟ್ಟಿ ಕಟ್ಟಿಸಿದರು.

ಮೋಟಾರು ಕೂರಿಸಲು ಬಂದವನು ಕಿಕ್ಕೇರಿಯ ಚಿಕ್ಕಸ್ವಾಮಿ. ಬೋರ್‌ವೆಲ್ ಮೋಟಾರಿನಲ್ಲಿ ಪಳಗಿದ ಆಸಾಮಿ. ಅವನು ಹೆಮ್ಮೆಯಿಂದ ವಿವರಿಸುವಾಗ ನಾನೂ ಗೋಡೆಯ ಈಚೆಯಿಂದ ಇಣುಕುತ್ತಿದ್ದೆ.

"ನೋಡಕ್ಕ, ಕಕ್ಸು, ಬಚ್ಲು, ಅಡ್ಗೆಮನೆ ನೀರೆಲ್ಲ ಬಂದು ಈ ತೊಟ್ಟಿಗೆ ಬೀಳ್ತದೆ. ವೈರ್ನಾಗೆ ನೇತಾಡ್ತಾ ಅದ್ಯಲ್ಲ, ಅದು ಬಾಲು. ನೀರು ಏರ್ದಂಗೆ ತೇಲ್ಕೊಂಡು ಮ್ಯಾಕ್ಕೆ ಬತ್ತದೆ. ಬಂದ್ರೆ ಮೋಟ್ರು ಆನು. ನೀರು ಇಳುದ್ರೆ ಜೋತ್ ಬೀಳ್ತದೆ, ಮೋಟ್ರು ಆಫು. ಪೈಪ್ನಾಗೊಂದು ವಾಲ್ವ್ ಮಡಗಿವ್ನಿ, ಮ್ಯಾಕ್ ಓದ್ ನೀರ ವಾಪಸ್ ಬುಡಾಕಿಲ್ಲ. ನೀವು ಇಲ್ಲೊಂದು ಮೋಟ್ರದೆ ಅನ್ನೋದ್ನೇ ಮರ್ತ್ಬುಡಿ."

ಒಂದು ವಾರ ನಿಜವಾಗಿ ಮರೆತಿದ್ದರು. ಆಮೇಲೆ ಮರೆಯುವುದಕ್ಕೆ ಆ ಮೋಟಾರು ಬಿಡಲಿಲ್ಲ.

ತೊಟ್ಟಿ ಕಿರಿದಾದದ್ದೇ ಮೊದಲ ತಪ್ಪು. ಬಾಲು ಏರಿ ಇಳಿಯಲು ಜಾಗ ಬೇಕು. ಇಲ್ಲಿ ಅದು ಗೋಡೆಗೆ ತಾಗಿ, ಜಿಡ್ಡಿಗೆ ಅಂಟಿಕೊಂಡು ನಿಂತುಬಿಡುತ್ತಿತ್ತು. ಕೆಳಗೆ ಅಂಟಿಕೊಂಡರೆ ತೊಟ್ಟಿ ತುಂಬಿದರೂ ಮೋಟಾರು ಏಳುವುದಿಲ್ಲ. ಮೇಲೆ ಅಂಟಿಕೊಂಡರೆ ನೀರು ಖಾಲಿಯಾದರೂ ನಿಲ್ಲುವುದಿಲ್ಲ, ಒಣಗಿದ ತೊಟ್ಟಿಯಲ್ಲಿ ತಿರುಗಿ ತಿರುಗಿ ಸುಟ್ಟುಹೋಗುತ್ತದೆ. ಜೊತೆಗೆ ಮಾಯಮ್ಮ ಪಾತ್ರೆ ಉಜ್ಜುವುದು ಬೂದಿ, ತೆಂಗಿನ ನಾರಿನಲ್ಲಿ. ಹುಟ್ಟಿದಾಗಿನಿಂದ ಬಂದ ಕೈ. ಬೂದಿ ಹೋಗಿ ತೊಟ್ಟಿಯ ತಳದಲ್ಲಿ ಗಸಿ ಕಟ್ಟಿತು. ನಾರು ಹೋಗಿ ಮೋಟಾರಿನ ರೆಕ್ಕೆಗೆ ಸುತ್ತಿಕೊಂಡಿತು, ವಾಲ್ವಿನ ಬಾಯಲ್ಲೂ ಸಿಕ್ಕಿಕೊಂಡಿತು. ಆಗ ದಿಬ್ಬ ಹತ್ತಿದ್ದೆಲ್ಲ ಮೋಟಾರು ನಿಂತೊಡನೆ ಅದೇ ಪೈಪಿನಲ್ಲಿ ವಾಪಸ್ಸು. ಮಾಯಮ್ಮ ಬೂದಿ ಬಿಟ್ಟಳು, ನಾರು ಬಿಟ್ಟಳು, ಸೋಪಿನ ಪುಡಿಗೆ ಬಂದಳು. ಕೊಟ್ಟಿಗೆ ತೊಳೆದ ನೀರು ಮೋರಿಗೆ ಹೋಗದಂತೆ ಅಡ್ಡ ಕಟ್ಟಿದಳು. ಬಾಲು ಮಾತ್ರ ಅಂಟುವುದು ಬಿಡಲಿಲ್ಲ.

ಚಿಕ್ಕಸ್ವಾಮಿ ಎರಡು ಸಲ ಬಾಲು ಬದಲಾಯಿಸಿದ. ಮೂರನೆಯ ಸಲ ತಲೆ ಕೆರೆದುಕೊಂಡು, "ತೊಟ್ಟಿ ವಸಿ ದೊಡ್ದು ಮಾಡ್ಸಿ ಗೌಡ್ರೆ, ಎಲ್ಲ ಸರ್ಯಾಯ್ತದೆ" ಎಂದ.

"ಈಶಾನ್ಯದಾಗೆ ದೊಡ್ ತೊಟ್ಟಿಯಾ?" ಕರಿಯಪ್ಪನವರು ಕಣ್ಣು ಕೆಂಪಗೆ ಮಾಡಿದರು. "ಅಂಗಿದ್ರೆ ಮೊದ್ಲಿನ ಗುಂಡಿ ಏನ್ಲಾ ಪಾಪ ಮಾಡಿತ್ತು? ಓಗ್ಲಾ, ಓಗು."

ಚಿಕ್ಕಸ್ವಾಮಿ ಹೊರಗಡೆ ಒಂದು ಸ್ವಿಚ್ಚು ಕೂರಿಸಿ, ಕೈಯಲ್ಲೇ ಹಾಕಿ ಆರಿಸಿಕೊಳ್ಳಿ ಎಂದು ಹೇಳಿ ಹೋದ. ಆ ಕೈ ಯಾರದು ಎಂದು ಯಾರೂ ಕೇಳಲಿಲ್ಲ. ಅದು ಮಾಯಮ್ಮನ ಕೈ ಎಂದು ಎಲ್ಲರಿಗೂ ಗೊತ್ತಿತ್ತು.

ಅಲ್ಲಿಂದ ಅವಳ ಸೆರೆಮನೆ ಶುರು. ಸ್ನಾನವಾಯಿತೇ, ಓಡು. ಬಟ್ಟೆ ಒಗೆದಾಯಿತೇ, ಓಡು. ಸ್ವಿಚ್ಚು ಹಾಕಿ, ಬಿದಿರ ಕೋಲಿನಿಂದ ಮುಚ್ಚಳ ಸರಿಸಿ, ಮೂಗಿಗೆ ಸೆರಗು ಕಟ್ಟಿ, ನೀರು ಇಳಿಯುವವರೆಗೆ ನಿಂತು ನೋಡಿ, ಆರಿಸಿ ಬರಬೇಕು. ಕರೆಂಟು ಹೋದರೆ ಮನೆಯಲ್ಲಿ ಯಾರೂ ಮೋರಿಗೆ ತೊಟ್ಟು ನೀರು ಬಿಡುವಂತಿಲ್ಲ. ನೆಂಟರು ಬಂದರೆ ಊಟಕ್ಕೆ ಏಳಿ ಎನ್ನುವ ಮೊದಲು ಅವರು ಎಷ್ಟು ಜನ, ಕೈಕಾಲಿಗೆ ಎಷ್ಟು ನೀರು ಸುರಿದಾರು ಎಂದು ಲೆಕ್ಕ ಹಾಕುವ ಹಾಗಾಯಿತು. ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದು ಬಂದರೆ ತೊಟ್ಟಿ ತುಂಬಿ ಹಿಂದಕ್ಕೆ ಒತ್ತುತ್ತಿದೆ ಎಂದು ಅರ್ಥ. ನನ್ನೊಡನೆ ಮಾತಾಡುವಾಗಲೂ ಅವಳ ಒಂದು ಕಿವಿ ಆ ಜಾಲರಿಯ ಕಡೆಗೇ ಇರುತ್ತಿತ್ತು. ಕಿಕ್ಕೇರಿ ಬಸ್ಸು ಬೀದಿಯ ಕೊನೆಯಲ್ಲಿ ಹಾರನ್ ಹೊಡೆದುಕೊಂಡು ಹೋಗುತ್ತಿತ್ತು, ಇವಳು ನೋಡುತ್ತ ನಿಂತಿರುತ್ತಿದ್ದಳು.

ಕರಿಯಪ್ಪನವರು ಒಂದು ದಿನವೂ ಆ ಕೋಲು ಮುಟ್ಟಿದವರಲ್ಲ. ಆ ವಾಸನೆ ಬಡಿದರೆ ಅವರಿಗೆ ಊಟ ಸೇರುವುದಿಲ್ಲವಂತೆ. ದಿನವೆಲ್ಲ ಸಗಣಿ ಬಾಚುವ ಗಂಡಸು! ನನಗೆ ಮೈ ಉರಿಯುತ್ತಿತ್ತು. "ನಾಳೆಯೇ ಒಬ್ಬ ಆಳು ಕರೆಸಿ ಹಳೇ ಗುಂಡಿ ಅಗೆಸಿಬಿಡು ಮಾಯಮ್ಮ. ಒಂದು ಬೆಳಗ್ಗೆಯ ಕೆಲಸ. ನೀರು ತಾನಾಗಿ ಹೋಗುತ್ತದೆ, ನೀನೂ ಬಿಡುಗಡೆಯಾಗುತ್ತೀಯ" ಎಂದೆ. ಅವಳು ಮನಸ್ಸು ಮಾಡಿಯೂ ಇದ್ದಳು. ಯಜಮಾನರು ಕೆ.ಆರ್.ಪೇಟೆಗೆ ಹೋದ ದಿನ ಅಗೆಸಿಬಿಡುವುದು, ಬಂದ ಮೇಲೆ ಬೈಸಿಕೊಳ್ಳುವುದು ಎಂದು ನಾವಿಬ್ಬರೂ ಗೋಡೆಯ ಮೇಲೆ ಪಿತೂರಿ ಮಾಡಿದ್ದೆವು.

ಅಷ್ಟರಲ್ಲಿ ತನುಶ್ರೀಯ ಫೋನು ಬಂತು. ಅವಳು ಬಸಿರಾಗಿದ್ದಳು, ಎರಡು ತಿಂಗಳು ತುಂಬಿತ್ತಂತೆ. ಮೋಟಾರು ಕೂರಿಸಿ ಆಗಲೇ ಎರಡು ತಿಂಗಳು ಕಳೆದಿತ್ತು.

ಕಾಗೆ ಕೂರುವುದಕ್ಕೂ ರೆಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗಾಯಿತು. ಕರಿಯಪ್ಪನವರು ಬೀದಿಯಲ್ಲಿ ಸಿಕ್ಕವರಿಗೆಲ್ಲ ಈಶಾನ್ಯ ಶುದ್ಧವಾದ ಕಥೆ ಹೇಳಿದರು. ಪಂಡಿತರಿಗೆ ಫೋನು ಮಾಡಿ ಅತ್ತರು. ತಿಂಗಳ ಮೇಲೆ ತಿಂಗಳು ಕಳೆದು, ಈ ಸಲ ನಿಂತಿದೆ ಎಂದು ಖಾತ್ರಿಯಾದಾಗ ತೊಟ್ಟಿಯ ಮುಚ್ಚಳಕ್ಕೆ ಅರಿಶಿನ ಕುಂಕುಮ ಬಿತ್ತು. ಅದನ್ನು ಇಟ್ಟವಳು ಮಾಯಮ್ಮ.

"ನೀನೂ ಇದನ್ನ ನಂಬಿದೆಯಾ?" ಎಂದು ನಾನು ಸಿಟ್ಟಿನಿಂದ ಕೇಳಿದೆ.

"ನಂಗೇನ್ ನಂಬ್ಕೆ ಇಲ್ಲ ಟೀಚರಮ್ಮ. ಆದ್ರೆ ನಾನು ನಂಬ್ದೆ ಗುಂಡಿ ಅಗ್ಸಿ, ಮಗೀಗೆ ಏನಾರ ಆಗ್ಬುಟ್ರೆ? ಸಾಯೋಗಂಟ ನಾನೇ ಮಾಡ್ದೆ ಅಂತ ಅನ್ಸಾಕಿಲ್ವಾ?"

ಅವಳ ಪಾಡು ಬಾಯಿಗೆ ಬಿಸಿ ತುಪ್ಪ ಬಿದ್ದ ಹಾಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮೊದಲು ಗಂಡನ ಹಟಕ್ಕೆ ಕಾಯುತ್ತಿದ್ದ ತೊಟ್ಟಿಯನ್ನು ಈಗ ಅವಳು ತನ್ನ ಭಯಕ್ಕೆ ಕಾಯತೊಡಗಿದಳು. ಅಗೆಸುವ ಮಾತನ್ನು ನಾನೂ ನಿಲ್ಲಿಸಿದೆ.

ಗೌರಿ ಹಬ್ಬ ಬಂತು. ಮಗಳು ತವರಿಗೆ ಬರುವ ಹಬ್ಬ. ಬಸ್ಸಿನ ಕುಲುಕಾಟ ಬೇಡವೆಂದು ತನುಶ್ರೀ ಬರಲಿಲ್ಲ. ಮಾಯಮ್ಮ ಬಾಗಿನದ ಮೊರ ಕಟ್ಟಿಕೊಂಡು ತಾನೇ ಪಾಂಡವಪುರಕ್ಕೆ ಹೊರಟಳು. ಮೋಟಾರು ಬಂದ ಮೇಲೆ ಅವಳು ಊರು ಬಿಟ್ಟದ್ದು ಅದೇ ಮೊದಲು. ಗಂಡನಿಗೆ ಸ್ವಿಚ್ಚು ತೋರಿಸಿ, ಹಾಕುವುದನ್ನು ಹೇಳಿ, ಆರಿಸುವುದನ್ನು ಎರಡೆರಡು ಸಲ ಹೇಳಿ ಹೋದಳು. ಮಗಳ ಮಡಿಲಿಗೆ ಬಾಗಿನ ಇಟ್ಟು, ಅವಳ ಹೊಟ್ಟೆ ಮುಟ್ಟಿ ನೋಡಿ, ಊಟ ಮುಗಿಸಿ ಕೈ ತೊಳೆದದ್ದೇ, ಮುಂದಿನ ಬಸ್ಸಿಗೆ ವಾಪಸ್ಸು ಬಂದಳು. ಇನ್ನೊಂದು ಗಳಿಗೆ ಕೂತ್ಕೊ ಎಂದು ಮಗಳು ಅಂಗಲಾಚಿದರೂ ಕೂರಲಿಲ್ಲವಂತೆ.

ಬಂದು ನೋಡಿದರೆ ಈಶಾನ್ಯದ ಮೂಲೆಯೆಲ್ಲ ಕೆರೆ. ಹಬ್ಬದ ಸ್ನಾನ, ಹಬ್ಬದ ಪಾತ್ರೆ, ಬಂದುಹೋದ ನೆಂಟರು. ಕರಿಯಪ್ಪನವರು ಸ್ವಿಚ್ಚಿನ ವಿಷಯ ಮರೆತೇಬಿಟ್ಟಿದ್ದರು. ಮುಚ್ಚಳದ ಅಂಚಿನಿಂದ ಕಪ್ಪು ನೀರು ಉಕ್ಕಿ, ಕುಂಕುಮ ತೊಳೆದುಕೊಂಡು, ಮೂಲೆಯ ತುಂಬ ನಿಂತಿತ್ತು. ಮಾಯಮ್ಮ ಹೊಸ ಸೀರೆಯನ್ನು ಮೊಣಕಾಲಿಗೆ ಕಟ್ಟಿ ಅದನ್ನೆಲ್ಲ ಬಾಚಿ ಚೆಲ್ಲಿ, ಗಂಜಲ ಹಾಕಿ ತೊಳೆದಳು.

ಅದೇ ವಾರ ತನುಶ್ರೀಗೆ ರಕ್ತ ಕಾಣಿಸಿಕೊಂಡಿತು.

ಮಗು ಚೆನ್ನಾಗಿತ್ತು, ಭಯಪಡಬೇಕಾಗಿರಲಿಲ್ಲ. ಆದರೆ ಡಾಕ್ಟರು ಅವಳನ್ನು ಹಾಸಿಗೆಗೆ ಹಾಕಿಬಿಟ್ಟರು. ಬಸ್ಸು ಕಾರು ಹತ್ತಕೂಡದು, ಮೆಟ್ಟಿಲು ಇಳಿಯಕೂಡದು, ಬಗ್ಗಿ ಒಂದು ಚೊಂಬು ಎತ್ತಕೂಡದು. ಸುದ್ದಿ ಕೇಳಿದ ಕರಿಯಪ್ಪನವರು ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಎದ್ದು ಹೋಗಿ ಈಶಾನ್ಯದ ಮೂಲೆಯನ್ನು ನೋಡುತ್ತ ನಿಂತರು. ಬೈದಿದ್ದರೆ ಅವಳೂ ಬೈಯುತ್ತಿದ್ದಳು, ಮರೆತವರು ನೀವೇ ಎನ್ನುತ್ತಿದ್ದಳು. ಅವರು ಸುಮ್ಮನೆ ನಿಂತದ್ದು ಅವಳನ್ನು ಕೊಂದುಹಾಕಿತು.

ಅಲ್ಲಿಂದ ಮುಂದೆ ಅವಳು ಡೈರಿಗೆ ಹೋಗುವುದನ್ನೂ ಬಿಟ್ಟಳು. ಹಾಲು ಕರಿಯಪ್ಪನವರ ಕೈಗೆ ಹೋಯಿತು. ಇತ್ತ ಪಾಂಡವಪುರದಲ್ಲಿ ಅತ್ತೆಯಿಲ್ಲದ ಮನೆಯ ಪುಣ್ಯ ಏನೆಂದು ಆ ಹುಡುಗಿಗೆ ಗೊತ್ತಾಗುತ್ತಿತ್ತು. ಲೋಕೇಶ ಒಳ್ಳೆಯವನೇ. ಬೆಳಗ್ಗೆ ಇಡ್ಲಿ ಕಟ್ಟಿಸಿಕೊಂಡು ಬಂದು ತಲೆದಿಂಬಿನ ಹತ್ತಿರ ಇಟ್ಟು ಅಂಗಡಿಗೆ ಹೋದರೆ, ಮಧ್ಯಾಹ್ನ ಬಂದು ಅನ್ನ ಇಡುತ್ತಿದ್ದ. ನಡುವೆ ಅವಳು ಸೂರು ನೋಡಿಕೊಂಡು ಮಲಗಿರಬೇಕು. ತಾಯಿ ಇಲ್ಲಿ ತೊಟ್ಟಿಗೆ ಸಿಕ್ಕಿಕೊಂಡರೆ ಮಗಳು ಅಲ್ಲಿ ಮಂಚಕ್ಕೆ ಸಿಕ್ಕಿಕೊಂಡಳು. ದಿನವೂ ಫೋನು ಬರುತ್ತಿತ್ತು. ಬಾ ಅವ್ವ ಎನ್ನುವುದೊಂದೇ ಮಾತು.

ಒಂದು ಬೆಳಗ್ಗೆ ಆ ಮಾತು ಅಳುವಾಯಿತು. ಮಾಯಮ್ಮ ಗೋಡೆಯ ಹತ್ತಿರವೇ ನಿಂತಿದ್ದಳು, ನಾನು ಈಚೆ ಕಡೆ ಕರಿಬೇವು ಕೀಳುತ್ತಿದ್ದೆ.

"ಡಾಕ್ಟ್ರು ಯಾವಾಗ್ಬೇಕಾದ್ರೂ ಆಗ್ಬೋದು, ಜೊತೇಗೆ ಯಾರಾರ ಎಂಗಸ್ರು ಇರ್ಬೇಕು ಅಂದ್ರು ಕಣವ್ವ. ನಂಗೆ ಭಯ ಆಯ್ತದೆ. ಇವತ್ತೇ ಬಾ."

"ಯಾವಾಗ್ಬೇಕಾದ್ರೂ ಅಂದ್ರೆ? ಇನ್ನೂ ಆರ್ನೇ ತಿಂಗ್ಳು ಕಣ್ ಮಗ ನಿಂಗೆ. ವಸಿ ತಡ್ಕೊ. ನಾನು ಬಂದ್ಬುಟ್ರೆ ಮೋಟ್ರು ನೋಡೋರ್ಯಾರು? ಮತ್ತೆ ಅಬ್ಬದ್ ದಿನ ಆದಂಗೆ ಆಗ್ಬುಟ್ರೆ? ನಿನ್ಗೋಸ್ಕರಾನೇ ಕಣವ್ವ ನಾನು ಇಲ್ಲಿ ಸಾಯ್ತಿರೋದು."

ಆ ಕಡೆಯಿಂದ ತನುಶ್ರೀ ಕಿರುಚಿದಳು. "ಆರಲ್ಲ ಕಣವ್ವ! ಏಳು ಕಳ್ದು ಎಂಟ್ರಾಗೆ ಬಿದ್ದದೆ. ನೀವು ಮೋಟ್ರು ಕೂರ್ಸೋ ಒತ್ಗೇ ನಂಗೆ ನಿಂತಿತ್ತು. ತಿಂಗ್ಳ ಕಮ್ಮಿ ಮಾಡಿ ಏಳ್ಬೇಕು ಅಂತ ನೀನೇ ತಾನೆ ಏಳ್ಕೊಟ್ಟಿದ್ದು? ಎಲ್ರಿಗೂ ಏಳ್ದಂಗೆ ನಿಂಗೂ ಏಳ್ದೆ. ಆ ಆಳಾದ್ ಮೋಟ್ರಿಗೂ ನನ್ ಮಗೀಗೂ ಯಾವ್ ಸಂಬಂಧಾನೂ ಇಲ್ಲ!"

ಮಾಯಮ್ಮ ಫೋನು ಇಟ್ಟು ನನ್ನ ಮುಖ ನೋಡಿದಳು. ಅಷ್ಟು ತಿಂಗಳುಗಳಲ್ಲಿ ಮೊದಲ ಸಲ ಅವಳು ಬಚ್ಚಲಿನ ಕಡೆ ಕಿವಿ ಇಡದೆ ನಿಂತದ್ದನ್ನು ನಾನು ನೋಡಿದೆ. ಸೀದಾ ಜಗಲಿಗೆ ಹೋದಳು. ಕರಿಯಪ್ಪನವರು ಕಾಫಿ ಕುಡಿಯುತ್ತ ಕೂತಿದ್ದರು. ಮಗಳು ಹೇಳಿದ್ದನ್ನು ಒಂದೇ ಉಸಿರಿಗೆ ಹೇಳಿ, "ಮೋಟ್ರು ಬರೋಕ್ ಮೊದ್ಲೇ ನಿಂತಿತ್ತಂತೆ. ಕೇಳುದ್ರಾ?" ಎಂದಳು.

ಕರಿಯಪ್ಪನವರು ಲೋಟ ಕೆಳಗಿಟ್ಟರು. ಪೆಚ್ಚಾಗುತ್ತಾರೆ ಎಂದು ನಾನು ಗೋಡೆಯ ಈಚೆ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಪಡುತ್ತಿದ್ದೆ. ಅವರು ಬಹಳ ಮೆಲ್ಲಗೆ ಕೇಳಿದರು.

"ಮೊದ್ಲಿನ್ ಎರಡೂ ನಿಂತಿದ್ವು ಕಣಮ್ಮಿ. ನಿಲ್ಲೋದೇನು ದೊಡ್ದಲ್ಲ. ಮೂರ್ ತಿಂಗ್ಳ ದಾಟ್ಲಿಲ್ಲ ಅವು. ಇದು ದಾಟ್ತು. ಯಾತರಿಂದ ದಾಟ್ತು, ಏಳು ನೋಡನ?"

ಮಾಯಮ್ಮ ಬೆರಳು ಮಡಿಸಿ ಎಣಿಸಿದಳು. ಲೆಕ್ಕ ಹಾಕಿದರೆ ಅದೂ ಸರಿಯೇ ಕಾಣುತ್ತಿತ್ತು: ಮೂರು ತುಂಬುವ ಮೊದಲೇ ಮೋಟಾರು ಬಂದಿತ್ತು. ಒಂದು ಬಾಗಿಲು ತೆರೆಯಿತು ಎನ್ನುವಷ್ಟರಲ್ಲಿ ಇವರು ಇನ್ನೊಂದು ಕಡೆಯಿಂದ ಅಗುಳಿ ಹಾಕಿದ್ದರು.

ಅವಳು ಹಿತ್ತಿಲಿಗೆ ಹೋಗಿ ಬಿದಿರ ಕೋಲು ತಂದು ಗಂಡನ ಕೈಗೆ ಕೊಟ್ಟಳು.

"ಸರಿ. ನೀವೇಳೋದೇ ನಿಜ ಅಂತ ಇಟ್ಕೊಳ್ಳನ. ಮಗೀನ ಕಾಯ್ತಿರೋದು ಈ ಮೋಟ್ರೇ. ಅಂಗಿದ್ಮ್ಯಾಲೆ ಅದ್ನ ನೀವು ಕಾಯಿರಿ. ದ್ಯಾವ್ರು ನಿಮ್ದು, ಪೂಜೆನೂ ನಿಮ್ದೆ. ನಾನು ನನ್ ಮಗಳ ಕಾಯಕ್ಕೆ ಓಯ್ತೀನಿ."

"ಏಯ್, ನಂಗದೆಲ್ಲ ಬರಾಕಿಲ್ಲ ಕಣಮ್ಮಿ!"

"ನಂಗೂ ಬತ್ತಿರ್ಲಿಲ್ಲ" ಎಂದು ಒಳಗೆ ಹೋಗಿ ಬ್ಯಾಗಿಗೆ ಸೀರೆ ತುರುಕಿಕೊಂಡಳು. ಪಾಂಡವಪುರಕ್ಕೆ ಹೋಗಲು ಕೆ.ಆರ್.ಪೇಟೆಯ ಬಸ್ಸಿಗೆ ನಾನೇ ಹತ್ತಿಸಿ ಬಂದೆ. ಕಿಟಕಿಯ ಹತ್ತಿರ ಕೂತವಳ ಮುಖದಲ್ಲಿ ಗೆದ್ದ ಕಳೆ ಏನೂ ಇರಲಿಲ್ಲ. "ಅವ್ರು ಮರ್ತ್ರೆ ನೀವಾರ ಗೋಡೆ ಮ್ಯಾಗಿಂದ ಕೂಗಿ ಟೀಚರಮ್ಮ" ಎಂದಳು.

ನಾನು ಕೂಗಬೇಕಾಗಿ ಬರಲಿಲ್ಲ. ಕರಿಯಪ್ಪನವರು ತೊಟ್ಟಿಯ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕೋಲು ಆಡಿಸಿದರು. ಗದ್ದೆಯ ಕಡೆ ಹೋಗಲಿಲ್ಲ. ಡೈರಿಗೆ ಹಾಲನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದರು. ಸ್ನಾನ ಬಿಟ್ಟರು, ನಾಷ್ಟಾಕ್ಕೆ ಅವಲಕ್ಕಿ ತಿಂದು ತಟ್ಟೆ ತೊಳೆಯುವುದನ್ನೂ ಬಿಟ್ಟರು. ಎಷ್ಟು ಕಡಿಮೆ ನೀರು ಹಾಕಿದರೂ ಆ ಬಾಲು ಅಂಟುವುದು ಅಂಟುತ್ತಲೇ ಇತ್ತು. ಅತ್ತ ಮಾಯಮ್ಮ ಹೊತ್ತುಹೊತ್ತಿಗೆ ಫೋನು ಮಾಡುತ್ತಿದ್ದಳು. ಉಂಡ್ರಾ ಎಂದು ಕೇಳುವ ಮೊದಲು, ಮೋಟ್ರು ಆಕುದ್ರಾ ಎಂದು ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ನಾನು ನುಗ್ಗೆಸೊಪ್ಪು, ರಾಗಿಹಿಟ್ಟು ಕಟ್ಟಿಕೊಂಡು ಪಾಂಡವಪುರಕ್ಕೆ ತನುಶ್ರೀಯನ್ನು ನೋಡಲು ಹೋದೆ. ಹುಡುಗಿ ಒಳಕೋಣೆಯಲ್ಲಿ ತುಂಬಿದ ಹೊಟ್ಟೆ ಹೊತ್ತು ನಿದ್ದೆಹೋಗಿದ್ದಳು. ತಲೆ ಬಾಚಿ ಹೂ ಮುಡಿಸಿತ್ತು, ಮುಖದಲ್ಲಿ ಗೆಲುವಿತ್ತು. ಮಾಯಮ್ಮ ಮತ್ತು ನಾನು ನಡುಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಕರಿಯಪ್ಪನವರ ಫೋನು ಬಂತು. ಎಂದಿನಂತೆ ಸ್ಪೀಕರ್.

"ಅಲ್ಲ ಕಣಮ್ಮಿ, ಈ ಮುಂಡೇದ ಬುಟ್ಟು ಒಂದ್ ಗಳ್ಗೆ ಆಚೀಗೆ ಓಗಂಗಿಲ್ವಲ್ಲ. ಗದ್ದೆ ಮಕ ನೋಡಿ ವಾರ ಆಯ್ತು." ಅವರ ದೊಡ್ಡ ಬಾಯಿ ಸಣ್ಣದಾಗಿತ್ತು. "ನೀನು ಇಷ್ಟ್ ದಿನ ಎಂಗಿದ್ದೆ?"

ಮಾಯಮ್ಮ ಸೊಪ್ಪಿನ ಕಡ್ಡಿ ಹಿಡಿದು ಹಾಗೇ ಕೂತಳು. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಆ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅವಳು ಎಷ್ಟು ಹಂಬಲಿಸಿದ್ದಳೆಂದು ನನಗೆ ಗೊತ್ತು.

"ಏ, ಕೇಳುಸ್ತಾ? ಗುಂಡಿ ಅಗಿಯೋ ದ್ಯಾವಯ್ಯನ್ನ ಕರ್ಸಿವ್ನಿ. ಆರೆ ಗುದ್ಲಿ ಇಡ್ಕೊಂಡು ಇಲ್ಲೇ ನಿಂತವ್ನೆ. ಸಾಕಾಗೋಯ್ತು ನಂಗೆ. ಈಶಾನ್ಯದಾಗೇ ಗುಂಡಿ ತೆಗ್ಸಿಬುಡ್ತೀನಿ, ನೀರು ಎತ್ತ ಓಯ್ತದೋ ಅತ್ತ ಓಗ್ಲಿ. ನೀನು ಊ ಅಂದ್ಬುಡು, ಈಗ್ಲೇ ಸುರು ಮಾಡಿಸ್ತೀನಿ."

ನನಗೆ ಕೂತಲ್ಲೇ ಕುಣಿಯುವಷ್ಟು ಸಂತೋಷವಾಯಿತು. ಅವಳ ತೊಡೆ ತಿವಿದು, "ಹೂಂ ಅನ್ನೇ" ಎಂದೆ. ಮಾಯಮ್ಮ ಬಾಯಿ ತೆರೆದಳು. ಆ ಹೂಂ ಅವಳ ತುಟಿಯವರೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ಒಳಕೋಣೆಯಲ್ಲಿ ತನುಶ್ರೀ ಮಗ್ಗುಲು ಬದಲಾಯಿಸಿ, ನಿದ್ದೆಯಲ್ಲೇ ಒಂದು ಸಲ ನರಳಿದಳು.

ಮಾಯಮ್ಮ ಆ ಬಾಗಿಲನ್ನೇ ನೋಡಿದಳು.

"ಬ್ಯಾಡ" ಎಂದಳು.

"ಆಂ?"

"ಬ್ಯಾಡ ಅಂದೆ. ದ್ಯಾವಯ್ಯನ್ನ ಕಳ್ಸ್ಬುಡಿ. ಮಗು ಆಗ್ಲಿ ಮೊದ್ಲು."

ನಾನು ಮತ್ತೆ ಸೊಪ್ಪು ಬಿಡಿಸತೊಡಗಿದೆ. ಮಾಯಮ್ಮ ಕೇಳಿದಳು, "ಬೆಳಿಗ್ಗೆಯಿಂದ ಎಷ್ಟ್ ಸಲ ಆಕುದ್ರಿ?"

"ಒಂದ್ಸಲ."

"ಸಾಲಾಕಿಲ್ಲ. ಓಗಿ ಈಗೊಂದ್ಸಲ ಆಕಿ, ನಾನು ಕೇಳುಸ್ಕೊತೀನಿ."

ಕರಿಯಪ್ಪನವರ ಚಪ್ಪಲಿಯ ಸದ್ದು ಹಿತ್ತಿಲ ಕಡೆ ನಡೆಯಿತು. ಸ್ವಿಚ್ಚು ಟಕ್ಕೆಂದಿತು, ಮೋಟಾರು ಗುರ್ ಎಂದು ಎದ್ದಿತು. ಮಾಯಮ್ಮ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅದು ನಿಲ್ಲುವವರೆಗೂ ಅವಳು ಕೂತ ಜಾಗದಿಂದ ಅಲುಗಾಡಲಿಲ್ಲ.